ಕಾರ್ಡ್ ಬೇಕೋ, ಫೋಟೋ ಬೇಕೋ?

ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳಿಗೆ ಹಣೆಯ ಮೇಲೆ ಹೆಸರಿರುತ್ತದೆ. ಗಾರೆಯಲ್ಲಿ ಉಬ್ಬಿಸಿ ಬರೆದ 'ಗುರುಕೃಪಾ', ಗೇಟಿನ ಕಂಬಕ್ಕೆ ಕೂರಿಸಿದ ಕಲ್ಲಿನ ಮೇಲೆ ಕೆತ್ತಿದ 'ಶ್ರೀನಿವಾಸ', ಕೆಲವದರ ಕೆಳಗೆ ಕಟ್ಟಿದ ಇಸವಿ. ಚಾಮರಾಜಪೇಟೆ ಬಡಾವಣೆಯಾದದ್ದು 1892ರಲ್ಲಿ. 1898ರಲ್ಲಿ ಪ್ಲೇಗು ಬಂದು ಪೇಟೆಯ ಜನ ಇಕ್ಕಟ್ಟಿನ ಓಣಿಗಳನ್ನು ಬಿಟ್ಟು ಹೊರಟಾಗ ಬಸವನಗುಡಿ, ಮಲ್ಲೇಶ್ವರಗಳು ತುಂಬಿಕೊಂಡವು. ಅಂದಿನಿಂದ ಈ ಬೀದಿಗಳ ಜನ ತಮ್ಮ ಮನೆಗಳಿಗೆ ಏನೆಂದು ಹೆಸರಿಟ್ಟರು, ಯಾವ ಲಿಪಿಯಲ್ಲಿ ಬರೆಸಿದರು ಎಂಬುದು ನನ್ನ ಪಿಎಚ್‌ಡಿ ವಿಷಯ. ಕೇಳಿದವರು ಮೊದಲು ನಗುತ್ತಾರೆ. ಆಮೇಲೆ ತಮ್ಮ ತಾತನ ಮನೆಯ ಹೆಸರು ಹೇಳುತ್ತಾರೆ.

ಈ ಕೆಲಸಕ್ಕೆ ಗಡುವು ಹಾಕುವುದು ವಿಶ್ವವಿದ್ಯಾಲಯವಲ್ಲ, ಜೆಸಿಬಿ. ಈ ವಾರ ನೋಡಿದ ಮನೆಯ ಸುತ್ತ ಮುಂದಿನ ವಾರ ನೀಲಿ ತಗಡಿನ ಬೇಲಿ ಎದ್ದಿರುತ್ತದೆ. ಹಾಗಾಗಿ ಬೆಳಿಗ್ಗೆ ಬಿಸಿಲು ಏರುವ ಮೊದಲು ಬೀದಿ ಬೀದಿ ನಡೆದು ಚಿತ್ರ ತೆಗೆಯುವುದು, ಯಾವ ಹೊತ್ತಿಗೆ ಯಾವ ಅಡ್ಡರಸ್ತೆಯಲ್ಲಿದ್ದೆ ಎಂದು ಡೈರಿಯಲ್ಲಿ ಗುರುತು ಹಾಕಿಕೊಳ್ಳುವುದು, ಫಲಕಗಳನ್ನು ಆಮೇಲೆ ಚಿತ್ರದಿಂದ ಓದಿ ಪಟ್ಟಿ ಮಾಡುವುದು ನನ್ನ ಕ್ರಮ. ಇಲಾಖೆಯಿಂದ ಎರವಲು ತಂದ ಕ್ಯಾಮೆರಾದ ಕಾರ್ಡಿನಲ್ಲಿ ಹೀಗೆ ಮೂರು ಬೆಳಗಿನ 412 ಚಿತ್ರಗಳಿದ್ದವು. ಮೂರನೆಯ ದಿನ ಮಧ್ಯಾಹ್ನ ಅದನ್ನು ಕಂಪ್ಯೂಟರಿಗೆ ಹಾಕಿದಾಗ ತೆರೆಯ ಮೇಲೆ ಒಂದೇ ಮಾತು: ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ? ಆ 412ರಲ್ಲಿ ಚಾಮರಾಜಪೇಟೆಯ ಒಂದು ಮನೆಯೂ ಇತ್ತು. ನಾನು ಚಿತ್ರ ತೆಗೆದ ಮಾರನೆಯ ದಿನವೇ ಅದನ್ನು ಕೆಡವಿದ್ದರು.

ಬೆಂಗಳೂರಿನಲ್ಲಿ ಇಂಥ ಕಷ್ಟಕ್ಕೆಲ್ಲ ಎಸ್‌.ಪಿ. ರಸ್ತೆ ಇದೆ. ಮೊದಲ ಅಂಗಡಿಯ ಹುಡುಗ ಕಾರ್ಡನ್ನು ತಿರುಗಿಸಿ ನೋಡಿ, "ಎರಡು ನಿಮಿಷ ಮೇಡಂ, ಫಾರ್ಮ್ಯಾಟ್ ಹೊಡೆದು ಕೊಡ್ತೀನಿ, ಹೊಸದರ ಥರ ಆಗುತ್ತೆ" ಎಂದ. ಹಿಂದೆ ಕೂತು ಮದರ್‌ಬೋರ್ಡಿಗೆ ಬೆಸುಗೆ ಹಾಕುತ್ತಿದ್ದ ಹಿರಿಯರು ತಲೆ ಎತ್ತದೆಯೇ ಕೇಳಿದರು: "ಕಾರ್ಡ್ ಬೇಕೋ, ಫೋಟೋ ಬೇಕೋ, ಕೇಳ್ದೇನೋ ಅವರ್ನ?"

ಇವೆರಡೂ ಬೇರೆ ಬೇರೆ ಕೆಲಸ ಎಂದು ನನಗೆ ತಿಳಿದದ್ದು ಆಗ. ಕಾರ್ಡ್ ಸರಿಪಡಿಸುವುದೆಂದರೆ ಅದರಲ್ಲಿ ಮತ್ತೆ ಬರೆಯುವುದು. ಚಿತ್ರ ಉಳಿಸುವುದೆಂದರೆ ಅದರಲ್ಲಿ ಒಂದಕ್ಷರವನ್ನೂ ಬರೆಯದಿರುವುದು. ಕಾರ್ಡಿನೊಳಗೆ ಚಿತ್ರಗಳು ಒಂದು ಕಡೆ ಇದ್ದರೆ, ಯಾವ ಚಿತ್ರ ಎಲ್ಲಿದೆ ಎಂಬ ಸೂಚಿ ಇನ್ನೊಂದು ಕಡೆ ಇರುತ್ತದೆ. ನಾವು 'ಡಿಲೀಟ್' ಒತ್ತಿದಾಗ ಸಾಮಾನ್ಯವಾಗಿ ಹೋಗುವುದು ಸೂಚಿಯಲ್ಲಿನ ನಮೂದು ಮಾತ್ರ. ಸಾದಾ ಫಾರ್ಮ್ಯಾಟ್ ಕೂಡ ಬಹುತೇಕ ಹೊಸ ಖಾಲಿ ಸೂಚಿಯೊಂದನ್ನು ಬರೆಯುತ್ತದೆ, ಅಷ್ಟೆ. ಚಿತ್ರ ಇದ್ದಲ್ಲೇ ಇರುತ್ತದೆ, ಅದರ ಜಾಗ 'ಖಾಲಿ' ಎಂದು ಲೆಕ್ಕಕ್ಕೆ ಬಂದಿರುತ್ತದೆ. ಆ ಖಾಲಿ ಜಾಗದ ಮೇಲೆ ಹೊಸದೇನಾದರೂ ಬಂದು ಕೂತಾಗಲೇ ಹಳೆಯದು ನಿಜವಾಗಿ ಸಾಯುವುದು. ಚಾಮರಾಜಪೇಟೆಯ ಸೈಟುಗಳ ಬಗ್ಗೆಯೂ ಇದೇ ಮಾತು ಹೇಳಬಹುದು.

ಈ ಕಾರ್ಡುಗಳ ಒಳಗಿರುವುದು ಫ್ಲ್ಯಾಶ್ ಮೆಮೊರಿ. 1980ರ ದಶಕದಲ್ಲಿ ಜಪಾನಿನ ತೋಶಿಬಾ ಕಂಪನಿಯಲ್ಲಿ ಫುಜಿಯೊ ಮಸುಓಕಾ ಇದನ್ನು ರೂಪಿಸಿದರು. ಲಕ್ಷಾಂತರ ಕೋಶಗಳನ್ನು ಒಂದೇ ಏಟಿಗೆ ಅಳಿಸುವ ಅದರ ರೀತಿ ಕ್ಯಾಮೆರಾದ ಫ್ಲ್ಯಾಶ್ ಹೊಳೆದಂತಿದೆ ಎಂದು ಅವರ ಸಹೋದ್ಯೋಗಿ ಶೋಜಿ ಅರಿಇಜುಮಿ ಸೂಚಿಸಿದ ಹೆಸರೇ ನಿಂತಿತು. ನೆನಪಿಡುವ ವಸ್ತುವಿಗೆ ಹೆಸರು ಬಂದದ್ದು ಅದು ಅಳಿಸುವ ಚಂದದಿಂದ! ಪ್ರತಿ ಕೋಶದಲ್ಲೂ ಸೆರೆಹಿಡಿದಿಟ್ಟ ವಿದ್ಯುದಂಶವೇ ಅಲ್ಲಿನ ನೆನಪು. ಕೋಶ ಸವೆದಂತೆ ಅದು ಸೋರುತ್ತದೆ. ಕಾರ್ಡನ್ನು ನಡೆಸುವ ಕಂಟ್ರೋಲರ್ ಚಿಪ್ಪೇ ಸತ್ತು, ಕಂಪ್ಯೂಟರಿಗೆ ಕಾರ್ಡು ಕಾಣಿಸದಿದ್ದರೆ ಮನೆಮದ್ದಿಲ್ಲ, ಪ್ರಯೋಗಾಲಯಕ್ಕೇ ಒಯ್ಯಬೇಕು. ನನ್ನದು ಕಾಣಿಸುತ್ತಿತ್ತು, ತೆರೆಯುತ್ತಿರಲಿಲ್ಲ.

ಹಿರಿಯರು ಕಾರ್ಡಿನ ಪಕ್ಕದಲ್ಲಿರುವ ಪುಟ್ಟ ಬೀಗದ ಗುಂಡಿಯನ್ನು ಕೆಳಗೆ ಜರುಗಿಸಿದರು. "ಇನ್ಮೇಲೆ ಇದ್ರಲ್ಲಿ ಫೋಟೋ ತೆಗೀಬೇಡಿ. ಮೊದ್ಲು ಇಡೀ ಕಾರ್ಡನ್ನ ನಕಲು ಮಾಡ್ಕೊಳ್ಳಿ. ಹುಡುಕೋದೆಲ್ಲ ನಕಲಿನ ಮೇಲೆ." ನಕಲು ಎಂದರೆ ಫೈಲುಗಳ ನಕಲಲ್ಲ, ಮೊದಲ ಬೈಟಿನಿಂದ ಕೊನೆಯ ಬೈಟಿನವರೆಗೆ ಕಾರ್ಡು ಇದ್ದಂತೆಯೇ ಒಂದು ಪಡಿಯಚ್ಚು. ಕೆಟ್ಟ ಕಾರ್ಡನ್ನು ಮತ್ತೆ ಮತ್ತೆ ಓದಿಸಿದರೆ ಅದು ಇನ್ನಷ್ಟು ಕೆಡಬಹುದು. ಶಾಸನತಜ್ಞರು ಕಲ್ಲಿನ ಮೇಲೆ ಒದ್ದೆ ಕಾಗದ ಹೊಡೆದು, ಮಸಿ ಹಚ್ಚಿ ಪಡಿಯಚ್ಚು ತೆಗೆದುಕೊಂಡು, ಓದುವ ಕೆಲಸವನ್ನು ಮನೆಯಲ್ಲಿ ಕೂತು ಮಾಡುವಂತೆಯೇ ಇದು ಎಂದುಕೊಂಡೆ.

ಹುಡುಕಲು ಬಳಸಿದ್ದು ಫೋಟೊರೆಕ್ ಎಂಬ ಉಚಿತ ತಂತ್ರಾಂಶ. ಫ್ರಾನ್ಸಿನ ಕ್ರಿಸ್ಟೋಫ್ ಗ್ರೆನಿಯೆ ಬರೆದದ್ದು. ಅದು ಸೂಚಿಯನ್ನು ನಂಬುವುದೇ ಇಲ್ಲ. ಜೆಪಿಇಜಿ ಚಿತ್ರ ಯಾವುದೇ ಇರಲಿ, ಎಫ್‌ಎಫ್, ಡಿ8 ಎಂಬ ಎರಡು ಬೈಟುಗಳಿಂದ ಶುರುವಾಗಿ ಎಫ್‌ಎಫ್, ಡಿ9ರಲ್ಲಿ ಮುಗಿಯುತ್ತದೆ. 'ಸ್ವಸ್ತಿಶ್ರೀ' ಕಂಡರೆ ಶಾಸನ ಶುರು, 'ಮಂಗಳ ಮಹಾಶ್ರೀ' ಕಂಡರೆ ಮುಗಿಯಿತು ಎಂದು ನಮ್ಮ ಮೇಷ್ಟ್ರು ಎಂ.ಎ. ತರಗತಿಯಲ್ಲಿ ಹೇಳುತ್ತಿದ್ದರಲ್ಲ, ಹಾಗೆ. ತಂತ್ರಾಂಶ ರಾತ್ರಿಯಿಡೀ ಪಡಿಯಚ್ಚನ್ನು ಸಾಲುಸಾಲಾಗಿ ಸವರುತ್ತ, ತಲೆ ಕಂಡಲ್ಲೆಲ್ಲ ಒಂದೊಂದು ಚಿತ್ರವನ್ನು ಎತ್ತಿಟ್ಟಿತು.

ಬೆಳಿಗ್ಗೆ ನೋಡಿದರೆ 380 ಚಿತ್ರಗಳು ಬಂದಿದ್ದವು. ಒಂದಕ್ಕೂ ನಾನು ಬಲ್ಲ ಹೆಸರಿಲ್ಲ. ಸೂಚಿ ಹೋದಾಗ ಫೈಲಿನ ಹೆಸರು, ಫೋಲ್ಡರು ಎರಡೂ ಹೋಗುತ್ತವೆ. ಬಂದದ್ದು ಉದ್ದುದ್ದ ಅಂಕಿಗಳು. ಆದರೆ ತೆಗೆದ ದಿನ, ಗಂಟೆ, ನಿಮಿಷ, ಸೆಕೆಂಡು ಚಿತ್ರದೊಳಗೇ ಹುದುಗಿರುತ್ತವೆ, ಅವು ಉಳಿದಿದ್ದವು. ಜಾಗ ಮಾತ್ರ ಇಲ್ಲ, ನನ್ನ ಕ್ಯಾಮೆರಾದಲ್ಲಿ ಜಿಪಿಎಸ್ ಇಲ್ಲ. ಡೈರಿ ತೆರೆದು, 8.40ಕ್ಕೆ ಎಲ್ಲಿದ್ದೆ, 9.05ಕ್ಕೆ ಎಲ್ಲಿ ಕಾಫಿ ಕುಡಿದೆ ಎಂದು ಹೊಂದಿಸುತ್ತಾ ಹೋದೆ. ಎರಡು ದಿನದಲ್ಲಿ ಬಹುಪಾಲು ಮನೆಗಳು ತಮ್ಮ ತಮ್ಮ ಬೀದಿಗೆ ಮರಳಿದವು.

ಯಂತ್ರ ಚಿತ್ರವನ್ನು ಕೊಡುತ್ತದೆ, ಹೆಸರನ್ನಲ್ಲ. ನಮ್ಮಲ್ಲಿ ಇದರ ತಿರುಗುಮುರುಗಿನ ಕಥೆಯೂ ಇದೆ. ಮಲ್ಲೇಶ್ವರದ ಕಾಡು ಮಲ್ಲೇಶ್ವರನಿಗೆ ಶಿವಾಜಿಯ ಮಲತಮ್ಮ ಏಕೋಜಿ ಮೇದರನಿಂಗನಹಳ್ಳಿ ಎಂಬ ಊರನ್ನು ದತ್ತಿ ಬಿಟ್ಟನೆಂದು 1669ರ ಶಾಸನ ಹೇಳುತ್ತದೆ. ಹೆಸರು ಕಲ್ಲಿನಲ್ಲಿ ಭದ್ರವಾಗಿದೆ. ಇವತ್ತು ಸಂಪಿಗೆ ರಸ್ತೆಯಲ್ಲಿ ನಿಂತು ಆ ಊರಿಗೆ ದಾರಿ ಕೇಳಿದರೆ ಎಷ್ಟು ಜನ ಹೇಳಿಯಾರು? ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1905ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಒಂಬತ್ತನೆಯ ಸಂಪುಟವಾಗಿ ತಂದರು. ಅದರಲ್ಲಿರುವ ಎಷ್ಟೋ ಕಲ್ಲುಗಳು ಇಂದು ರಸ್ತೆಯಡಿಗೆ, ಅಡಿಪಾಯದಡಿಗೆ ಹೋಗಿವೆ. ಈಗ ಮಿಥಿಕ್ ಸೊಸೈಟಿಯವರು ಉಳಿದ ಕಲ್ಲುಗಳನ್ನು ಹುಡುಕಿ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಕಲ್ಲು ಹೋದಲ್ಲಿ ರೈಸರ ಪಾಠವೇ ಗತಿ.

ನನಗೆ ಗತಿಯಾದದ್ದು ಹೆಬ್ಬೆರಳಿನ ಉಗುರಿನಷ್ಟು ಚಿತ್ರ. ಕೆಡವಿದ ಆ ಮನೆಯ ಫೋಟೋ ತೆರೆದರೆ ಮೇಲೊಂದು ಪಟ್ಟಿಯಷ್ಟು ಆಕಾಶ, ತೆಂಗಿನ ಮರದ ತಲೆ, ಅದರ ಕೆಳಗೆ ಪೂರ್ತಿ ಬೂದಿ ಬಣ್ಣ. ಅಲ್ಲಿನ ಕೋಶಗಳು ಸತ್ತಿದ್ದವು. ಆದರೆ ಕ್ಯಾಮೆರಾ ತನ್ನ ಹಿಂಬದಿಯ ತೆರೆಯಲ್ಲಿ ಬೇಗ ತೋರಿಸುವುದಕ್ಕೆಂದು ಪ್ರತಿ ಚಿತ್ರದ ಆರಂಭದಲ್ಲೇ ಒಂದು ಚಿಕ್ಕ ಪ್ರತಿಯನ್ನೂ ಅಡಗಿಸಿಟ್ಟಿರುತ್ತದೆ. ಅದು ಉಳಿದಿತ್ತು. ಅಗಲ 160 ಚುಕ್ಕಿ, ಎತ್ತರ 120 ಚುಕ್ಕಿ. ಮಂಗಳೂರು ಹೆಂಚು, ಕಂಬಿಯ ಕಿಟಕಿ, ಜಗುಲಿ ಎಲ್ಲ ಗೊತ್ತಾಗುತ್ತದೆ. ಹೆಸರಿರುವ ಕಡೆ ಹಳದಿ ಕಲೆ. ಎಷ್ಟು ಹಿಗ್ಗಿಸಿದರೂ ಕಲೆ ದೊಡ್ಡದಾಗುತ್ತದೆ, ಅಕ್ಷರವಾಗುವುದಿಲ್ಲ.

ಅದನ್ನು ಪ್ರಿಂಟ್ ಹಾಕಿಸಿಕೊಂಡು ಪಕ್ಕದ ಮನೆಯ ಅಜ್ಜಿಯ ಹತ್ತಿರ ಹೋದೆ. ಅವರು ಕನ್ನಡಕ ಹಾಕಿಕೊಳ್ಳುವ ಮೊದಲೇ ಹೇಳಿದರು.

"ಅಯ್ಯೋ, ಬಾವಿ ಮನೆ ಅಲ್ವೇನಮ್ಮಾ ಇದು!"

"ಮೇಲೆ ಹೆಸರು ಏನಂತ ಬರೆದಿತ್ತು ಅಜ್ಜಿ?"

"ಬರೆದಿದ್ದನ್ನ ಪೋಸ್ಟಿನವನು ನೋಡ್ಬೇಕು, ನಾವ್ಯಾಕೆ ನೋಡ್ತೀವಿ? ಬೇಸಿಗೇಲಿ ನಲ್ಲಿ ನಿಂತ್ರೆ ಬೀದಿ ಬೀದೀನೇ ಅವರ ಬಾವಿಗೆ ಹೋಗ್ತಿತ್ತು. ನೀರು ಅವರದು, ಹಗ್ಗ ನಮ್ಮನೇದು."

ಚಿತ್ರದಲ್ಲಿ ಬಾವಿ ಇಲ್ಲ, ಅದು ಹಿತ್ತಿಲಲ್ಲಿತ್ತಂತೆ. ಚಿತ್ರ ಪೂರ್ತಿಯಾಗಿ ಉಳಿದಿದ್ದರೆ ಫಲಕವನ್ನು ಓದಿ ಪಟ್ಟಿಗೆ ಸೇರಿಸಿ ಮುಂದಿನ ಮನೆಗೆ ಹೋಗುತ್ತಿದ್ದೆ, ಈ ಬಾವಿಯ ಸುದ್ದಿ ನನ್ನವರೆಗೆ ಬರುತ್ತಿರಲಿಲ್ಲ. ನಷ್ಟವಾದದ್ದೇ ಒಳ್ಳೆಯದಾಯಿತು ಎಂದು ಹೇಳುತ್ತಿಲ್ಲ. ಮೂವತ್ತೆರಡು ಚಿತ್ರಗಳು ಹೋಗಿವೆ, ಅದು ನಷ್ಟವೇ. ಆದರೆ ಮಾಲೀಕರು ಗಾರೆಯಲ್ಲಿ ಬರೆಸಿದ ಹೆಸರೊಂದು, ಬೀದಿ ಬಾಯಲ್ಲಿ ಇಟ್ಟುಕೊಂಡ ಹೆಸರೊಂದು ಎಂದು ಒಂದೇ ಮನೆಗೆ ಎರಡು ಹೆಸರಿರುತ್ತವೆ ಎಂಬುದು ಈಗ ನನ್ನ ಪ್ರಬಂಧದ ಒಂದು ಅಧ್ಯಾಯವಾಗುತ್ತಿದೆ. ಪಟ್ಟಿಯಲ್ಲಿ ಹೊಸ ಕಾಲಂ ಸೇರಿದೆ. ಬಸವನಗುಡಿಯಲ್ಲಿ ಒಂದು 'ಹಪ್ಪಳದ ಮನೆ', ಮಲ್ಲೇಶ್ವರದಲ್ಲಿ ಡಾಕ್ಟರು ತೀರಿಹೋಗಿ ಎಷ್ಟೋ ವರ್ಷವಾದರೂ 'ಡಾಕ್ಟ್ರ ಮನೆ'ಯಾಗಿಯೇ ಉಳಿದ ಒಂದು ಮನೆ ಆಗಲೇ ಅದರಲ್ಲಿ ಕೂತಿವೆ.

ಬಾವಿ ಮನೆಯ ಸಾಲಿನಲ್ಲಿ ಫಲಕದ ಕಾಲಂ ಮಾತ್ರ ಇನ್ನೂ ಖಾಲಿ. ಹಳೆಯ ಮದುವೆ ಕಾಗದಗಳಲ್ಲಿ ವಿಳಾಸದ ಜೊತೆ ಮನೆಯ ಹೆಸರನ್ನೂ ಅಚ್ಚು ಹಾಕಿಸುತ್ತಿದ್ದರು ಎಂದು ಅಜ್ಜಿಗೆ ನೆನಪಾಗಿದೆ. ಆ ಮನೆಯ ಮಗಳ ಮದುವೆಯ ಕಾಗದ ತಮ್ಮ ಟ್ರಂಕಿನಲ್ಲಿ ಎಲ್ಲೋ ಇರಬೇಕಂತೆ. ಅಟ್ಟದಿಂದ ಟ್ರಂಕು ಇಳಿಸುವುದಕ್ಕೆ ಮೊಮ್ಮಗ ಭಾನುವಾರ ಬರುತ್ತಾನೆ, ನೀನೂ ಬಾ ಎಂದಿದ್ದಾರೆ.