ನೀರಿನಲ್ಲಿ ಮುಳುಗಿದ ಮೀನು

ನಾವು ಬಾಲ್ಯದಲ್ಲಿ ಮೀನೊಂದನ್ನು ನೀರಿನಲ್ಲಿ ಮುಳುಗಿಸಿ ಕೊಂದೆವೆಂದರೆ ವಾಚಕರು ನಕ್ಕಾರು. ಆದರೆ ಅದು ನಡೆದ ಸಂಗತಿ. ದಕ್ಷಿಣ ಕನ್ನಡದ ನಮ್ಮ ಮನೆಯ ಮುಂದಣ ಗದ್ದೆಯಿಂದ ಆಷಾಢದ ಒಂದು ರಾತ್ರಿ ಮುಗುಡು ಮೀನು ಅಂಗಳಕ್ಕೆ ತೆವಳಿ ಬಂದಿತ್ತು. ಹುರುಪೆಯಿಲ್ಲದ ಕಪ್ಪು ಮೈ, ಬಾಯ ಸುತ್ತ ಎಂಟು ಮೀಸೆ. ಎದೆಯ ರೆಕ್ಕೆಗಳ ಮುಳ್ಳನ್ನು ನೆಲಕ್ಕೆ ಊರಿ, ಮೈಯನ್ನು ಬಳುಕಿಸುತ್ತ ಅದು ಸಾಗುತ್ತಿದ್ದ ಪರಿಯೇ ಸೋಜಿಗ. (ಆ ಮುಳ್ಳು ತಾಗಿದರೆ ಉರಿಯೇನೂ ಸಾಮಾನ್ಯದ್ದಲ್ಲ.) ನೀರಿಲ್ಲದೆ ಸತ್ತೀತೆಂಬ ಕನಿಕರದಿಂದ ಅದನ್ನು ಕೊಡಪಾನಕ್ಕೆ ಹಾಕಿ, ಬಾಯಂಚಿನವರೆಗೂ ನೀರು ತುಂಬಿ, ಹರಿವಾಣ ಮುಚ್ಚಿ, ಮೇಲೆ ಕಲ್ಲು ಹೇರಿದೆವು. ಬೆಳಗ್ಗೆ ನೋಡಿದಾಗ ಅದು ಹೊಟ್ಟೆ ಮೇಲಾಗಿ ಅಲುಗಾಡದೆ ಬಿದ್ದಿತ್ತು.

ಆಫ್ರಿಕಾದಿಂದ ಆಗ್ನೇಯ ಏಷ್ಯದವರೆಗೆ ಹಬ್ಬಿರುವ ಈ ಕುಲದ ಮೀನುಗಳಿಗೆ ಕಿವಿರಿನ ಮೇಲೆ ಗಿಡದ ಕವಲಿನಂತಹ ಅಂಗವುಂಟೆಂದೂ, ಅದರಿಂದ ಅವು ಗಾಳಿಯನ್ನೇ ಉಸಿರಾಡುವುವೆಂದೂ, ನಿಂತ ನೀರಿನಲ್ಲಿ ಆಗಾಗ ಮೇಲೆದ್ದು ಗಾಳಿ ಗುಟುಕರಿಸದೆ ಬದುಕಲಾರವೆಂದೂ ಬಹುಕಾಲದ ಮೇಲೆ ಓದಿ ತಿಳಿದೆವು. ಅಂಗಳದಲ್ಲಿಯೇ ಬಿಟ್ಟಿದ್ದರೆ, ಆ ಒದ್ದೆ ನೆಲದ ಮೇಲೆ ಅದು ಆಚೆಯ ಗದ್ದೆಯನ್ನು ಸೇರಿಕೊಳ್ಳುತ್ತಿತ್ತೇನೋ.

ಆ ರಾತ್ರಿ ಹರಿವಾಣದ ಕೆಳಗಿನಿಂದ ಎರಡು ಮೂರು ಬಾರಿ ಸದ್ದು ಕೇಳಿತ್ತು. ಮೀನು ಆಡುತ್ತಿದೆಯೆಂದುಕೊಂಡು ನಾವು ಮಗ್ಗುಲು ಬದಲಿಸಿ ಮಲಗಿದೆವು.