ಡೇಟಾಬೇಸ್ ಎದ್ದರೂ ಆ್ಯಪ್ ಏಳಲ್ಲ ಯಾಕೆ?

ಅಪಾರ್ಟ್‌ಮೆಂಟ್‌ನಲ್ಲಿ ಕರೆಂಟ್ ಹೋದ್ರೆ ಜನರೇಟರ್ ಶುರುವಾಗುತ್ತಲ್ಲ, ನಾನು ಕೆಲಸ ಮಾಡೋ ಲೋಕದಲ್ಲೂ ಅಂಥದ್ದೊಂದಿದೆ. ಮುಖ್ಯ ಡೇಟಾಬೇಸ್ ಸರ್ವರ್ ಕೈಕೊಟ್ಟರೆ ಜತೆಗಿರುವ ಇನ್ನೊಂದು ಅದರ ಜಾಗಕ್ಕೆ ಬರುತ್ತೆ. ಇದಕ್ಕೆ ಫೇಲ್‌ಓವರ್ ಅಂತೀವಿ. ಅಮೆಜಾನ್ ಆರ್‌ಡಿಎಸ್‌ನ ಮಲ್ಟಿ-ಎಝಡ್ ವ್ಯವಸ್ಥೆಯಲ್ಲಿ ಇದಕ್ಕೆ ಸಾಮಾನ್ಯವಾಗಿ 60ರಿಂದ 120 ಸೆಕೆಂಡ್ ಸಾಕು.

ಆದರೆ ಡೇಟಾಬೇಸ್ ಎದ್ದ ಮೇಲೂ ಎಷ್ಟೋ ಸಲ ಆ್ಯಪ್ ಬಿದ್ದೇ ಇರುತ್ತೆ. ಪ್ರತಿ ಸಲ ಹೊಸ ಕನೆಕ್ಷನ್ ತೆರೆಯೋದು ತಡ ಅಂತ ಆ್ಯಪ್ ಕೆಲವನ್ನು ಮೊದಲೇ ತೆರೆದು ಇಟ್ಟುಕೊಂಡಿರುತ್ತೆ. ಆ ಕಡೆ ಸರ್ವರ್ ಸದ್ದಿಲ್ಲದೆ ಸತ್ತರೆ ಈ ಕಡೆ ಗೊತ್ತೇ ಆಗಲ್ಲ. ಸುಮ್ಮನಿರುವ ಕನೆಕ್ಷನ್ ಬದುಕಿದೆಯಾ ಅಂತ ಲಿನಕ್ಸ್ ತಾನಾಗಿ ವಿಚಾರಿಸೋದು 7200 ಸೆಕೆಂಡ್ ಆದ ಮೇಲೆ, ಅಂದ್ರೆ ಎರಡು ಗಂಟೆ! ಮನೆ ಬಿಟ್ಟು ಹೋದವರ ಹಳೇ ಲ್ಯಾಂಡ್‌ಲೈನ್‌ಗೆ ಫೋನ್ ಮಾಡ್ತಾ ಕೂತ ಹಾಗೆ.

ಅದಕ್ಕೇ ಕಾಯುವ ಸಮಯ ಕಡಿಮೆ ಇಡಬೇಕು. ಬಳಸುವ ಮುಂಚೆ ಕನೆಕ್ಷನ್ ಪರೀಕ್ಷಿಸಬೇಕು. ಎರರ್ ಬಂದದ್ದನ್ನ ಎಸೆದು, ಸರ್ವರ್‌ನ ವಿಳಾಸವನ್ನ ಹೊಸದಾಗಿ ಕೇಳಬೇಕು. ಮತ್ತೆ ಪ್ರಯತ್ನಿಸುವಾಗ 1, 2, 4 ಸೆಕೆಂಡ್ ಅಂತ ಅಂತರ ಹೆಚ್ಚಿಸಬೇಕು, ಅದರಲ್ಲೂ ಸ್ವಲ್ಪ ಹಿಂದೆಮುಂದೆ ಇರಬೇಕು. ಎಲ್ಲರೂ ಒಟ್ಟಿಗೆ ಮುಗಿಬಿದ್ದರೆ ಈಗಷ್ಟೇ ಎದ್ದ ಸರ್ವರ್ ಮತ್ತೆ ಮಲಗುತ್ತೆ.

ನಿಜವಾದ ಕಷ್ಟ ಬೇರೆ. ‘ಇದನ್ನ ಬರೆದುಕೋ’ ಅಂತ ಡೇಟಾಬೇಸ್‌ಗೆ ಹೇಳಿದ್ವಿ, ಉತ್ತರ ಬರೋ ಮುಂಚೆ ಕನೆಕ್ಷನ್ ಕಡಿಯಿತು. ಬರೆದುಕೊಂಡಿತಾ, ಇಲ್ವಾ? ಬರೀ ಬ್ಯಾಲೆನ್ಸ್ ನೋಡೋದಾದ್ರೆ ಇನ್ನೊಮ್ಮೆ ಕೇಳಿದರಾಯ್ತು. ಫೀಸು ಕಟ್ಟೋದಾದ್ರೆ? ಕಣ್ಣುಮುಚ್ಚಿ ಇನ್ನೊಮ್ಮೆ ಕಳಿಸಿದರೆ ಎರಡು ಸಲ ದುಡ್ಡು ಹೋಗಬಹುದು. ಹಾಗಾಗಿ ಪ್ರತಿ ಪಾವತಿಗೂ ಒಂದು ಗುರುತಿನ ಸಂಖ್ಯೆ ಕೊಡ್ತೀವಿ. ಅದೇ ಸಂಖ್ಯೆ ಎರಡನೇ ಸಲ ಬಂದರೆ ಹೊಸದಾಗಿ ಏನೂ ಮಾಡದೆ ಹಳೇ ಉತ್ತರವನ್ನೇ ವಾಪಸ್ ಕೊಡಬೇಕು.

ಈ ವಿಷಯದಲ್ಲಿ ನಾನು ಹಠಮಾರಿ. ಪರೀಕ್ಷೆಗೆ ಅಂತ ಇಟ್ಟಿರೋ ಸರ್ವರನ್ನ ಬೇಕಂತಲೇ ಕೆಡವಿ, ಆ್ಯಪ್ ತಾನಾಗಿ ಚೇತರಿಸಿಕೊಳ್ಳುತ್ತಾ ಅಂತ ನೋಡ್ತೀನಿ. “ಅತಿಯಾಯ್ತು ಕಣೋ, ಒಂದು ನಿಮಿಷದ ವಿಷಯ ಅಲ್ವಾ?” ಅಂತಾನೆ ಗೆಳೆಯ. ನನ್ನ ಕಣ್ಣ ಮುಂದೆ ಬರೋದು ಕೊನೇ ದಿನ ಪರೀಕ್ಷಾ ಶುಲ್ಕ ಕಟ್ಟೋ ಯಾವುದೋ ಹುಡುಗಿ. ಖಾತೆಯಲ್ಲಿ ಇರೋದು ಒಂದು ಸಲಕ್ಕೆ ಆಗುವಷ್ಟೇ ದುಡ್ಡು. ಅವಳಿಗೆ ‘ಏನೋ ತಪ್ಪಾಗಿದೆ’ ಅಂತ ತೋರಿಸಿದರೆ ಗಾಬರಿಯಲ್ಲಿ ಮತ್ತೆ ಒತ್ತುತ್ತಾಳೆ. ‘ನಿಮ್ಮ ಪಾವತಿಯನ್ನು ಪರಿಶೀಲಿಸುತ್ತಿದ್ದೇವೆ, ಮತ್ತೆ ಕಟ್ಟಬೇಡಿ’ ಅಂದರೆ ಕಾಯ್ತಾಳೆ. ಆ ಒಂದು ಸಾಲನ್ನ ಧೈರ್ಯವಾಗಿ ಬರೆಯೋದಕ್ಕೇ ಹಿಂದಿನ ಇಷ್ಟೆಲ್ಲ ಕೆಲಸ.