ಕೊಡುವ ಕೈಗೊಂದು ಮಿತಿ

ಕರ್ಣನ ದಾನದ ಕಥೆ ಕೇಳಿ ಬೆಳೆದವರು ನಾವು. ಅಳೆದು ಕೊಡುವವರನ್ನು ಕಂಡರೆ ನಮಗೆ ಅಷ್ಟಕ್ಕಷ್ಟೆ. ಆದರೆ ಪೀಣ್ಯದ ಕಾರ್ಖಾನೆಯೊಂದರ ಪರೀಕ್ಷಾ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಕಳೆದ ಮೇಲೆ, ಅಳತೆಯರಿತು ಕೊಡುವುದೂ ದೊಡ್ಡ ಗುಣವೆಂದು ನನಗೆ ತೋರುತ್ತದೆ. ಅದನ್ನು ಕಲಿಸಿದ ಗುರು ಒಂದು ಲೋಹದ ಪೆಟ್ಟಿಗೆ.

'ಪವರ್ ಸಪ್ಲೈ' ಎಂದು ಅದರ ಹೆಸರು. 19 ಅಂಗುಲ ಅಗಲದ ಚೌಕಟ್ಟಿನಲ್ಲಿ, ಅಡುಗೆಮನೆಯ ಡಬ್ಬಿಗಳಂತೆ ಒಂದರ ಮೇಲೊಂದು ಕೂರುತ್ತವೆ. ತೆಳ್ಳಗಿನವುಗಳ ಎತ್ತರ ಬರಿಯ 1.75 ಅಂಗುಲ. ಗೋಡೆಯಿಂದ ಬರುವ 230 ವೋಲ್ಟಿನ ವಿದ್ಯುತ್ತು ಸೆಕೆಂಡಿಗೆ 50 ಸಲ ಓಲಾಡುವ ಚಂಚಲೆ. ಪೆಟ್ಟಿಗೆ ಆಕೆಯನ್ನು ಪಳಗಿಸಿ, ಒಂದೇ ದಿಕ್ಕಿಗೆ ಹರಿಯುವಂತೆ ಮಾಡಿ, ಹೇಳಿದಷ್ಟೇ ಕೊಡುತ್ತದೆ. ಕಂಪ್ಯೂಟರಿನಿಂದ ಆಜ್ಞೆ ಹೋದರೆ ಸಾಕು: ಈಗ 12 ವೋಲ್ಟ್, ಮರುಕ್ಷಣ 7, ಮತ್ತೆ 12. ಕಾರನ್ನು ಚಾಲೂ ಮಾಡುವಾಗ ಬ್ಯಾಟರಿ ಹೀಗೆಯೇ ಏದುಸಿರು ಬಿಡುವುದುಂಟು. ಇದೇ ಪೀಣ್ಯದ ಶೆಡ್ಡುಗಳಲ್ಲಿ ಸಿದ್ಧವಾಗಿ 1975ರಲ್ಲಿ ಆಕಾಶಕ್ಕೇರಿದ್ದು ನಮ್ಮ ಆರ್ಯಭಟ. ಉಪಗ್ರಹದ ಪರೀಕ್ಷೆಗೆ ಬೇಕಾದ ಬಿಸಿಲು ನೆರಳಿನ ವೇಷವನ್ನೂ ಈ ಜಾತಿಯ ಪೆಟ್ಟಿಗೆಗಳು ಇಂದು ಹಾಕಬಲ್ಲವು.

ಇನ್ನೊಂದು ಗುಣವುಂಟು. ಎರಡು ದಪ್ಪ ತಂತಿಗಳಲ್ಲಿ ವಿದ್ಯುತ್ತು ಹೊರಟರೆ, ಎರಡು ಸಣ್ಣ ತಂತಿಗಳು ತಲುಪಿದ್ದೆಷ್ಟೆಂಬ ವರದಿಯನ್ನು ಹಿಂದಕ್ಕೆ ತರುತ್ತವೆ. ದಾರಿಯಲ್ಲಿ ಕಳೆದುಹೋದ ವೋಲ್ಟನ್ನು ಪೆಟ್ಟಿಗೆ ತಾನೇ ತುಂಬಿಕೊಡುತ್ತದೆ. ನಮ್ಮ ಪರಿಹಾರ ನಿಧಿಗಳಿಗೂ ಇಂಥ ಎರಡು ತಂತಿಗಳಿದ್ದಿದ್ದರೆ!

ಆದರೂ ಅದರ ನಿಜವಾದ ಹಿರಿಮೆ ಮಿತಿಯಲ್ಲಿದೆ. 2 ಆಂಪಿಯರ್ ಸಾಕೆಂದು ಮೊದಲೇ ಹೇಳಿಟ್ಟರೆ, ಎದುರಿನ ಯಂತ್ರ 10 ಬೇಡಿದರೂ ಕೊಡುವುದಿಲ್ಲ. ವೋಲ್ಟನ್ನು ತಗ್ಗಿಸಿ, 'ಸಿ.ಸಿ.' ಎಂಬ ಪುಟ್ಟ ದೀಪ ಹೊತ್ತಿಸಿ, ಅಲ್ಲಿಗೇ ನಿಲ್ಲುತ್ತದೆ.

2019ರ ಒಂದು ಸಂಜೆ ಆ ದೀಪ ಹೊತ್ತಿತು. ಆಸ್ಪತ್ರೆಯಲ್ಲಿ ಹಸುಗೂಸುಗಳನ್ನು ಬೆಚ್ಚಗಿಡುವ ಯಂತ್ರಗಳ ಸರ್ಕ್ಯೂಟ್ ಬೋರ್ಡುಗಳವು. ಲಾರಿ ಬಾಗಿಲಲ್ಲಿ ನಿಂತಿತ್ತು. "ಮಿತೀನ ಸ್ವಲ್ಪ ಏರಿಸ್ರೀ, ಪಾಸಾಗುತ್ತೆ" ಎಂದರು ಮೇಲಿನವರು. ನಮ್ಮ ಹಿರಿಯ ತಂತ್ರಜ್ಞರು ಕೈಕಟ್ಟಿ ನಿಂತು, "ಇದು ಹಸಿವಿನ ಹಾಗೆ ಕಾಣೋದಿಲ್ಲ ಸಾರ್. ಜ್ವರದ ಬಾಯಾರಿಕೆ ಇದು. ನಾನು ಏರಿಸೋದಿಲ್ಲ" ಎಂದರು.

ಬೋರ್ಡನ್ನು ಬಿಚ್ಚಿ ಹುಡುಕಿದೆವು. ಅಕ್ಕಿಕಾಳಿನಷ್ಟು ದೊಡ್ಡ ಟ್ಯಾಂಟಲಮ್ ಕೆಪಾಸಿಟರೊಂದು ತಿರುಗುಮುರುಗಾಗಿ ಕೂತಿತ್ತು. ಮಿತಿ ಏರಿಸಿದ್ದರೆ ಅದು ನಮ್ಮ ಮೇಜಿನ ಮೇಲೆಯೇ ಹೊತ್ತಿ ಉರಿಯಬಹುದಿತ್ತು. ಅಲ್ಲಿ ಹೇಗೋ ದಾಟಿಕೊಂಡಿದ್ದರೆ, ಮುಂದೊಂದು ರಾತ್ರಿ ಯಾವುದೋ ಕೂಸಿನ ಮಗ್ಗುಲಲ್ಲಿ. ಉಳಿದ ಬೋರ್ಡುಗಳನ್ನೆಲ್ಲ ಮತ್ತೊಮ್ಮೆ ನೋಡಿ ಮುಗಿಸುವ ಹೊತ್ತಿಗೆ ಬೆಳಗಾಗಿತ್ತು.

ಲಾರಿ ಒಂದು ದಿನ ತಡವಾಗಿ ಹೊರಟಿತು. ತಡಮಾಡಿದ್ದಕ್ಕೆ ಆ ಹಿರಿಯರಿಗೊಂದು ಮೆಮೋ ಬಂತು. ಅವರು ಅದನ್ನು ನಾಲ್ಕಾಗಿ ಮಡಿಸಿ ಊಟದ ಡಬ್ಬಿಯ ಚೀಲದಲ್ಲಿಟ್ಟುಕೊಂಡು ಮನೆಗೆ ಹೋದರು.

ಮೆಮೋ ಈಗ ಎಲ್ಲಿದೆಯೋ ಕಾಣೆ. ಆ ಯಂತ್ರಗಳಡಿ ಬೆಚ್ಚಗೆ ಮಲಗಿದ್ದ ಕೂಸುಗಳು ಮಾತ್ರ ಈಗ ಶಾಲೆಗೆ ಹೋಗುತ್ತಿರಬೇಕು.